ಯಾವ ಮನಿರೀ, ಅಕ್ಕೋರ?

ಎಂಟನೇ ಕ್ಲಾಸಿನ ವಿಜ್ಞಾನದಲ್ಲಿ ಒಂದು ಪ್ರಶ್ನೆಯನ್ನು ನಾವು ಹೆಚ್ಚುಕಡಿಮೆ ಪ್ರತಿ ವರ್ಷ ಕೇಳುತ್ತೇವೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ತೆಗೆದುಕೊಳ್ಳಬೇಕಾದ ಎರಡು ಮುನ್ನೆಚ್ಚರಿಕೆ ಬರೆಯಿರಿ. ಎರಡು ಅಂಕ. ವರ್ಷವಿಡೀ ಪುಸ್ತಕ ತೆಗೆಯದ ಹುಡುಗರೂ ಇದನ್ನು ಬಿಡುವುದಿಲ್ಲ. ಒಂದು, ಕೂಡಲೇ ಮನೆಯೊಳಗೆ ಹೋಗಬೇಕು. ಎರಡು, ಮರದ ಕೆಳಗೆ ನಿಲ್ಲಬಾರದು. ಟಿಕ್ ಹೊಡೆದು ಮುಂದಿನ ಪುಟ ತಿರುಗಿಸುತ್ತೇನೆ.

ಈ ವಾರ ಆ ಮೊದಲನೇ ಉತ್ತರವನ್ನು ಅಣ್ಣನ ಹೊಲದಲ್ಲಿ ನಿಂತು ಒಬ್ಬ ವಯಸ್ಸಾದ ಕುರಿಗಾರರಿಗೆ ಹೇಳಿದೆ. “ಕಾಕಾ, ಸಿಡ್ಲು ಐತಂತ ಮೆಸೇಜ್ ಬಂದೈತಿ. ಲಗೂನ ಮನಿ ಒಳಗ ನಡೀರಿ.”

ಅವರು ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. “ಯಾವ ಮನಿರೀ, ಅಕ್ಕೋರ?”

ಸಿಟ್ಟಿನಿಂದ ಕೇಳಿದ್ದಲ್ಲ. ಕೊಂಕು ಅಂತೂ ಮೊದಲೇ ಅಲ್ಲ. ಅಂಗಡಿಗೆ ಹೋಗಿ ಸಕ್ಕರೆ ತಗೊಂಡು ಬಾ ಅಂದರೆ ಮಕ್ಕಳು ‘ಯಾವ ಅಂಗಡಿಗೆ’ ಅಂತ ಕೇಳುವುದಿಲ್ವಾ, ಹಾಗೆ ಕೇಳಿದರು. ಹೇಳಿದರೆ ಹೋಗುತ್ತೇನೆ ಅನ್ನುವ ಹಾಗೆ. ನಾನು ಸುತ್ತ ನೋಡಿದೆ. ಎರಿ ಹೊಲ, ಬದು, ಬದುವಿನ ಮೇಲೊಂದು ಬೇವಿನ ಮರ, ತಗಡಿನ ಪಂಪ್ ರೂಮು. ಊರು ಕಾಣುತ್ತಿತ್ತು, ಆದರೆ ಕುರಿ ಹೊಡೆದುಕೊಂಡು ಹೋಗಿ ಮುಟ್ಟುವಷ್ಟು ಹತ್ತಿರ ಇರಲಿಲ್ಲ.

ಸೂಟಿ ಅಂತ ತವರಿಗೆ ಬಂದಿದ್ದೆ. ಲಕ್ಷ್ಮೇಶ್ವರದ ಹತ್ತಿರದ ಊರು. ಮುಂಗಾರಿ ಹೆಸರು ಬಿತ್ತುವ ಮೊದಲು ಹೊಲದಲ್ಲಿ ಕುರಿ ತರುಬಿಸುವುದು ನಮ್ಮ ಕಡೆ ಹಳೆಯ ಪದ್ಧತಿ. ರಾತ್ರಿಯೆಲ್ಲ ಕುರಿ ಹೊಲದಲ್ಲೇ ಮಲಗುತ್ತವೆ. ಹಿಕ್ಕೆ, ಉಚ್ಚೆ ಎಲ್ಲ ಭೂಮಿಗೇ ಸೇರುತ್ತದೆ. ರೈತ ಅದಕ್ಕೆ ಕಾಳೋ ದುಡ್ಡೋ ಕೊಡುತ್ತಾನೆ. ಗೊಬ್ಬರದ ಚೀಲಕ್ಕಿಂತ ಇದೇ ಪಾಡು ಅಂತ ಅಣ್ಣನ ನಂಬಿಕೆ. ನನಗೂ ಹಾಗೇ ಅನ್ನಿಸುತ್ತದೆ. ಈ ಕುರಿಗಾರರು ಬಾಗಲಕೋಟೆ ಕಡೆಯವರು. ಕಾಕಾ, ಅವರ ಹೆಂಡತಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಒಂದು ಕೈಗೂಸು, ಎರಡು ನಾಯಿ. ಅವರ ಸಂಸಾರವೆಲ್ಲ ಒಂದು ಪ್ಲಾಸ್ಟಿಕ್ ತಾಡಪತ್ರಿಯ ಕೆಳಗೆ. ಬಿಡಾರ ಹೂಡಿದ್ದು ಬದುವಿನ ಹತ್ತಿರ. ಅಲ್ಲಿ ಬೇವಿನ ನೆರಳಿತ್ತಲ್ಲ, ಅದಕ್ಕೆ.

ಮಧ್ಯಾಹ್ನದವರೆಗೂ ಒಂದೆಲೆ ಅಲ್ಲಾಡಲಿಲ್ಲ. ನಮ್ಮ ಕಡೆ ಇಂಥ ದಿನ ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಒಂದೇ: ‘ಇವತ್ತ ಭಾಳ ಕುದೀಲಿಕ್ಹತ್ತೈತಿ, ಸಂಜೀಕ ಮಳಿ ಐತಿ.’ ಹವಾಮಾನ ಇಲಾಖೆಯ ರಡಾರ್ ಹೇಳುವುದೂ ಕೊನೆಗೆ ಅದನ್ನೇ. ಮೇ ಮೊದಲ ವಾರದ ಬಿಸಿಲಿಗೆ ಕಪ್ಪು ಮಣ್ಣು ಕಾದು ಕೆಂಡ ಆಗಿರುತ್ತದೆ. ಅದರ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಪಶ್ಚಿಮದಿಂದ ಅರಬ್ಬಿ ಸಮುದ್ರದ ತೇವ ಸ್ವಲ್ಪ ಸ್ವಲ್ಪವೇ ಒಳನಾಡಿಗೆ ಬರತೊಡಗಿರುತ್ತದೆ. ಮಹಾರಾಷ್ಟ್ರದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ದಕ್ಷಿಣಕ್ಕೆ ಚಾಚುವ ಕಡಿಮೆ ಒತ್ತಡದ ಗೆರೆಯೊಂದು ಈ ತಿಂಗಳುಗಳಲ್ಲಿ ಆಗಾಗ ಕೂತಿರುತ್ತದೆ. ಅಲ್ಲಿ ಎರಡು ಕಡೆಯ ಗಾಳಿ ಬಂದು ಸೇರುತ್ತದೆ. ಸೇರಿದ ಗಾಳಿಗೆ ಮೇಲೆ ಹೋಗದೆ ಬೇರೆ ದಾರಿ ಇಲ್ಲ.

ಮೇಲೆ ಹೋದ ತೇವದ ಗಾಳಿ ತಣ್ಣಗಾಗಿ ಹನಿಗಟ್ಟುತ್ತದೆ. ಹನಿಗಟ್ಟುವಾಗ ಶಾಖ ಬಿಡುತ್ತದೆ. ಆ ಶಾಖದಿಂದ ಗಾಳಿ ಇನ್ನಷ್ಟು ಹಗುರಾಗಿ ಇನ್ನಷ್ಟು ಮೇಲೆ ಹೋಗುತ್ತದೆ. ಒಮ್ಮೆ ಈ ಸರಪಳಿ ಶುರುವಾಯಿತೆಂದರೆ ಮೋಡ ನೋಡನೋಡುತ್ತಲೇ ಬೆಳೆಯುತ್ತದೆ. ಜುಲೈ ತಿಂಗಳ ಮುಂಗಾರಿನ ಮೋಡ ಇಷ್ಟು ಎತ್ತರದ್ದಲ್ಲ. ಅದು ಆಕಾಶದ ತುಂಬ ಹಾಸಿಕೊಂಡು ದಿನಗಟ್ಟಲೆ ಸುರಿಯುತ್ತದೆ, ಗುಡುಗುವುದು ಕಡಿಮೆ. ಈ ಅಡ್ಡಮಳೆಯ ಮೋಡ ಅಗಲದಲ್ಲಿ ಚಿಕ್ಕದು, ಎತ್ತರದಲ್ಲಿ ರಾಕ್ಷಸ. 12ರಿಂದ 15 ಕಿಲೋಮೀಟರ್‌ವರೆಗೆ ಹೋಗುತ್ತದೆ. ಕೆಳಗೆ ನಾವು 39 ಡಿಗ್ರಿಯಲ್ಲಿ ಬೇಯುತ್ತಿರುವಾಗಲೇ ಅದರ ನೆತ್ತಿ ಮೈನಸ್ 50ಕ್ಕಿಂತ ಕೆಳಗಿರುತ್ತದೆ. ಇನ್ನು ಮೇಲೆ ಹೋಗಲಾರದೆ ಅಲ್ಲಿ ಚಪ್ಪಟೆಯಾಗಿ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ನೆತ್ತಿ ಚಪ್ಪಟೆಯಾದ ಮೋಡ ಕಂಡರೆ ಬಟ್ಟೆ, ಹಪ್ಪಳ, ಮಕ್ಕಳು ಎಲ್ಲವನ್ನೂ ಒಳಗೆ ತೆಗೆದುಕೊಳ್ಳುವ ಹೊತ್ತು ಬಂತು ಅಂತಲೇ ಅರ್ಥ.

ಹಪ್ಪಳ ಅಂದಕೂಡಲೇ ನೆನಪಾಯಿತು. ಮೆಸೇಜು ಬಂದ ಎರಡೇ ನಿಮಿಷಕ್ಕೆ ವೈನಿ ಫೋನು ಬಂದಿತ್ತು. “ಮಾಳಗಿ ಮ್ಯಾಲೆ ಹಪ್ಪಳ ಹಾಕೇನಿ, ತಗೀಲಿಕ್ಕೆ ಮನ್ಯಾಗ ಒಬ್ಬರೂ ಇಲ್ಲ, ಎಲ್ಲಾರೂ ಹೊಲಾ ನೋಡಾಕ ಹೋಗ್ಯಾರ.” ನಮ್ಮ ಮನೆಯಲ್ಲಿ ಮುನ್ನೆಚ್ಚರಿಕೆ ಮೊದಲು ತಲುಪುವುದು ಹಪ್ಪಳಕ್ಕೇ.

ಅಣ್ಣನ ಮಗ ಎಂಜಿನಿಯರಿಂಗ್ ಓದುತ್ತಾನೆ. ಅವನ ಫೋನಿನಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಇತ್ತು. ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಕೂಡ ಇತ್ತು. ದಾಮಿನಿಯಲ್ಲಿ ನಾವು ನಿಂತ ಜಾಗದ ಸುತ್ತ 20 ಮತ್ತು 40 ಕಿಲೋಮೀಟರಿನ ಎರಡು ವೃತ್ತ. ಎಲ್ಲಿ ಸಿಡಿಲು ಬಿತ್ತೋ ಅಲ್ಲೊಂದು ಗುರುತು. ಹುಡುಗ ಅದನ್ನು ಕ್ರಿಕೆಟ್ ಸ್ಕೋರಿನಂತೆ ಓದುತ್ತಿದ್ದ. “ಅತ್ತಿ, ಹೊರಗಿನ ಸರ್ಕಲ್ ಒಳಗ ಬಂತು. ಅತ್ತಿ, ಒಳಗಿನ ಸರ್ಕಲ್ ಹತ್ರ ಬಂತು.” ಹುಡುಗನನ್ನು ಬೈಯುವ ಹಾಗಿಲ್ಲ. ನಾವು ಅವನ ವಯಸ್ಸಿನಲ್ಲಿದ್ದಾಗ ಇಂಥದ್ದೇನೂ ಇರಲಿಲ್ಲ. ಅರ್ಧ ಗಂಟೆ ಮೊದಲೇ ಗೊತ್ತಾಗುವುದು ಸಣ್ಣ ಮಾತಲ್ಲ. ಆದರೆ ಆ ಅರ್ಧ ಗಂಟೆಯಲ್ಲಿ ಹೋಗಿ ಸೇರಿಕೊಳ್ಳುವುದೆಲ್ಲಿ ಅನ್ನುವುದು ಅವನ ಫೋನಿನಲ್ಲಿ ಇರಲಿಲ್ಲ.

ಆಗಲೇ ನಾನು ಕಾಕಾಗೆ ಮನೆಯೊಳಗೆ ನಡೀರಿ ಅಂದದ್ದು. ಆಗಲೇ ಅವರು ಯಾವ ಮನಿ ಅಂದದ್ದು.

“ಪಂಪ್ ರೂಮಿನ್ಯಾಗ ನಿಂತ್ರಾತು,” ಅಂದ ಅಣ್ಣ. ಬೇಡ ಅಂದೆ. ತಗಡಿನ ಚಪ್ಪರ, ಬಾಗಿಲಿಲ್ಲದ ಗೋಡೆ, ಒಳಗೆ ಸ್ಟಾರ್ಟರ್ ಡಬ್ಬಿ, ಕಂಬದಿಂದ ಬಂದ ವೈರು, ಬೋರಿನ ಕಬ್ಬಿಣದ ಪೈಪು. ದೂರದ ಕಂಬಕ್ಕೆ ಸಿಡಿಲು ಬಡಿದರೂ ತಂತಿಯ ಗುಂಟ ಒಳಗೆ ಬರುತ್ತದೆ. ಮಳೆ ತಪ್ಪಿಸಿಕೊಳ್ಳಲು ಆ ರೂಮು ಸಾಕು, ಸಿಡಿಲಿಗೆ ಸಾಲದು. ಇನ್ನು ಉಳಿದದ್ದು ಬಂಡಿ ದಾರಿಯಲ್ಲಿ ನಿಲ್ಲಿಸಿದ್ದ ಅಣ್ಣನ ಕಾರು.

ಕಾರು ಒಳ್ಳೆಯ ಜಾಗ. ಟೈರಿನ ರಬ್ಬರಿನಿಂದ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಅದಲ್ಲ. ಕಿಲೋಮೀಟರುಗಟ್ಟಲೆ ಗಾಳಿ ಸೀಳಿಕೊಂಡು ಬಂದ ಕರೆಂಟಿಗೆ ನಾಲ್ಕು ಬೆರಳು ರಬ್ಬರು ಯಾವ ಲೆಕ್ಕ? ಮೇಲೆ, ಸುತ್ತ ಲೋಹದ ಮೈ ಇರುವುದರಿಂದ ಕರೆಂಟು ಹೊರಮೈಯಲ್ಲೇ ಹರಿದು ನೆಲಕ್ಕೆ ಇಳಿಯುತ್ತದೆ. ಒಳಗಿದ್ದವರು ಗಾಜು ಏರಿಸಿ, ಲೋಹ ಮುಟ್ಟದೆ ಸುಮ್ನೆ ಕೂತರೆ ಆಯಿತು. ಇದೇ ಮಾತು ಮೇಲು ಬಿಚ್ಚಿದ ಟ್ರ್ಯಾಕ್ಟರಿಗೆ, ಬೈಕಿಗೆ ಅನ್ವಯಿಸುವುದಿಲ್ಲ. ಹೊಲದಲ್ಲಿ ಇರುವುದು ಹೆಚ್ಚಾಗಿ ಅವೇ.

ಅಜ್ಜಿ, ಸೊಸೆ, ಕೈಗೂಸು, ಮೊಮ್ಮಕ್ಕಳು, ನಾನು, ಅಣ್ಣ, ಅವನ ಮಗ. ಐದು ಜನರ ಕಾರಿನಲ್ಲಿ ಹೇಗೋ ತುರುಕಿಕೊಂಡೆವು. ಹುಡುಗಿ ಎರಡು ಕುರಿಮರಿಗಳನ್ನೂ ಎದೆಗವಚಿಕೊಂಡು ಹತ್ತಿದಳು. ಅಣ್ಣ ಹೊಸ ಸೀಟ್ ಕವರ್ ನೋಡಿದ, ಮರಿ ನೋಡಿದ, ಏನೂ ಅನ್ನಲಿಲ್ಲ. ನಮ್ಮಣ್ಣನ ಮೇಲೆ ನನಗೆ ನೂರೆಂಟು ತಕರಾರಿದೆ. ಆದರೆ ಇಂಥ ಕಡೆ ಅವನು ಗಟ್ಟಿ ಮನುಷ್ಯ.

ಕಾಕಾ ಬರಲಿಲ್ಲ, ಮಗನೂ ಬರಲಿಲ್ಲ. “ನಾ ಬಂದ್ರ ಇವೆಲ್ಲಿ ಹೋಗಬೇಕ್ರೀ?” ಅಂದರು ಕುರಿಗಳ ಕಡೆ ಕೈ ಮಾಡಿ. ಕಾರಿನಲ್ಲಿ ಒಬ್ಬರಿಗೂ ಜಾಗ ಇರಲಿಲ್ಲ ಅನ್ನುವುದು ಬೇರೆ ಮಾತು. ಮಗನಿಗೆ ಕೂಗಿ ಹೇಳಿದರು: “ಗಿಡದ ಬುಡಕ್ಕ ಬಿಡಬ್ಯಾಡೋ, ಬಯಲಾಗ ಹೊಡಿ!” ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುವುದು. ಅಂದರೆ ಎರಡನೇ ಉತ್ತರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಪ್ಪ, ಮಗ, ಎರಡು ನಾಯಿ ಸೇರಿ ಕುರಿಗಳನ್ನು ಬದುವಿನಿಂದ ದೂರ, ಹೊಲದ ನಡುವಿನ ತಗ್ಗಿಗೆ ಹೊಡೆಯತೊಡಗಿದರು.

ಅಷ್ಟರಲ್ಲಿ ಆ ತಣ್ಣನೆ ಗಾಳಿ ಬಂತು. ಧೂಳೆಬ್ಬಿಸಿಕೊಂಡು, ತಾಡಪತ್ರಿ ಹಾರಿಸಿಕೊಂಡು. ದಿನವೆಲ್ಲ ಬೆಂದವರಿಗೆ ಅದು ಎಷ್ಟು ಹಿತ ಅಂದರೆ ಜನ ಬೇಕಂತಲೇ ಮನೆಯಿಂದ ಹೊರಗೆ ಬಂದು ನಿಲ್ಲುತ್ತಾರೆ. ಆದರೆ ಆ ಗಾಳಿ ಹುಟ್ಟುವುದು ಮೋಡದೊಳಗೇ. ಬೀಳುವ ಮಳೆ, ಆಲಿಕಲ್ಲು ತಮ್ಮ ಜೊತೆ ತಣ್ಣನೆ ಗಾಳಿಯನ್ನೂ ಕೆಳಗೆ ಎಳೆದು ತರುತ್ತವೆ. ಹನಿ ಆರುವಾಗ ಅದು ಇನ್ನಷ್ಟು ತಣ್ಣಗಾಗಿ, ಭಾರವಾಗಿ ನೆಲಕ್ಕೆ ಅಪ್ಪಳಿಸಿ ಮಳೆಗಿಂತ ಮುಂದೆ ಸುತ್ತಲೂ ನುಗ್ಗುತ್ತದೆ. ತಗಡು ಹಾರುವುದು, ಬಾಳೆ ಮಲಗುವುದು, ಕಂಬ ಬೀಳುವುದು ಹೆಚ್ಚಾಗಿ ಈ ಗಾಳಿಗೇ. ಅದು ಮುಖಕ್ಕೆ ಬಡಿಯಿತೆಂದರೆ ಮೋಡ ಹತ್ತಿರವೇ ಇದೆ. ಸಿಡಿಲು ಮಳೆ ಬೀಳುವ ಜಾಗದಲ್ಲೇ ಬೀಳಬೇಕೆಂದೇನೂ ಇಲ್ಲ. ಮೋಡದಿಂದ 10 ಕಿಲೋಮೀಟರ್ ಆಚೆ, ಬಿಸಿಲಿರುವ ಕಡೆಯೂ ಬೀಳಬಹುದು. ಗುಡುಗು ಕಿವಿಗೆ ಬಿತ್ತೆಂದರೆ ನೀವು ಅದರ ಅಳತೆಯೊಳಗೆ ಇದ್ದೀರಿ.

ಕಾರಿನೊಳಗೆ ಮಕ್ಕಳು ಹೆದರಿದ್ದವು. ಅಜ್ಜಿ ಬೀರಪ್ಪನನ್ನು ಕರೆಯುತ್ತಿದ್ದಳು. ನಮ್ಮಜ್ಜಿ ಇಂಥ ಹೊತ್ತಿನಲ್ಲಿ ಅರ್ಜುನನ ಹೆಸರು ಹೇಳಿಸುತ್ತಿದ್ದಳು. ಅದನ್ನೇ ಮಕ್ಕಳಿಗೆ ಹೇಳಿಕೊಟ್ಟೆ. ಮಿಂಚು ಕಂಡಕೂಡಲೇ ಶುರು ಮಾಡುವುದು: ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ನಿಧಾನ ಹೇಳಿದರೆ ಏಳೆಂಟು ಸೆಕೆಂಡು. ಶಬ್ದಕ್ಕೆ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಹತ್ತೂ ಹೆಸರು ಮುಗಿಯುವ ಹೊತ್ತಿಗೆ ಗುಡುಗು ಬಂದರೆ ಸಿಡಿಲು ಎರಡೂವರೆ ಕಿಲೋಮೀಟರ್ ದೂರದಲ್ಲಿ ಬಿದ್ದಿದೆ. ಅಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಅವಳು ಹೇಳಿಸುತ್ತಿದ್ದದ್ದು ಧೈರ್ಯಕ್ಕೆ. ಸರಿಯಾಗಿ ಹೇಳಬೇಕೆಂದರೆ 30 ಸೆಕೆಂಡಿನ ಅಂತರ ಇರುವಾಗಲೇ ಒಳಗೆ ಸೇರಿರಬೇಕು. ಹತ್ತು ಹೆಸರನ್ನು ನಾಲ್ಕು ಸಲ ಹೇಳಿದಷ್ಟು.

ಮೊದಲು ಹೆಸರು ಮುಗಿದ ಮೇಲೆ ಗುಡುಗುತ್ತಿತ್ತು. ಆಮೇಲೆ ಸವ್ಯಸಾಚಿಗೇ ಗುಡುಗಿತು. ಆಮೇಲೆ ಕಿರೀಟಿಗೆ. ಮಕ್ಕಳಿಗೆ ಇದು ಆಟ ಆಗಿಬಿಟ್ಟಿತು. ನಾನು ಮಾತ್ರ ಗಾಜು ಒರೆಸಿಕೊಂಡು ಹೊರಗೆ ನೋಡುತ್ತಿದ್ದೆ. ಮಳೆಯಲ್ಲಿ ಕಾಕಾ ಕಂಬಳಿ ಕೊಪ್ಪೆ ಹಾಕಿಕೊಂಡು ಹೊಲದ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದರು, ಸುತ್ತ ಕುರಿ. ಮಗ ಸ್ವಲ್ಪ ದೂರದಲ್ಲಿ. ಮಲಗಬಾರದು, ನಿಲ್ಲಬಾರದು, ಪಾದ ಎರಡೂ ಜೋಡಿಸಿ ಕುಕ್ಕರಿಸಬೇಕು, ಜೊತೆಯವರು ದೂರ ದೂರ ಇರಬೇಕು ಅಂತ ನಾನು ಮಕ್ಕಳಿಗೆ ಕಲಿಸುತ್ತೇನೆ. ಕಲಿಸುವಾಗ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಇದು ಬೇರೇನೂ ಇಲ್ಲದಾಗ ಮಾಡುವ ಕೆಲಸ, ಇದರಿಂದ ಅಪಾಯ ಕಡಿಮೆ ಆಗಬಹುದು, ಹೋಗುವುದಿಲ್ಲ. ಯಾವ ಮನಿ ಅಂದವರು ಆ ‘ಬೇರೇನೂ ಇಲ್ಲದಾಗ’ದೊಳಗೆ ಕೂತಿದ್ದರು.

ಆಮೇಲಿನ ಮಿಂಚಿಗೆ ಅರ್ಜುನ ಅನ್ನಲೂ ಪುರುಸೊತ್ತು ಸಿಗಲಿಲ್ಲ. ಬೆಳಕು, ಶಬ್ದ ಎರಡೂ ಒಟ್ಟಿಗೇ. ಕಾರು ನಡುಗಿತು. ಕೈಗೂಸು ಅಳು ನಿಲ್ಲಿಸಿತು. ಬೇವಿನ ಮರದ ಮೈಯಿಂದ ಹೊಗೆಯೋ ಹಬೆಯೋ ಏಳುತ್ತಿತ್ತು.

ಮೋಡದೊಳಗೆ ಮಂಜಿನ ಸಣ್ಣ ಹರಳು ಮೇಲೇರುತ್ತಿರುತ್ತದೆ, ಮೆತ್ತನೆಯ ಆಲಿಕಲ್ಲು ಕೆಳಗಿಳಿಯುತ್ತಿರುತ್ತದೆ. ಒಂದಕ್ಕೊಂದು ಬಡಿದು ಮೇಲೆ ಧನ ವಿದ್ಯುತ್ತು, ಕೆಳಗೆ ಋಣ ವಿದ್ಯುತ್ತು ಕೂಡಿಬೀಳುತ್ತದೆ. ತಾಳಲಾರದಷ್ಟು ಆದಾಗ ಕೆಳಗಿನಿಂದ ಒಂದು ಕವಲು ಸುಮಾರು 50 ಮೀಟರಿನ ಹೆಜ್ಜೆ ಹಾಕುತ್ತ ನೆಲದ ಕಡೆ ಬರುತ್ತದೆ. ಕಣ್ಣಿಗೆ ಕಾಣದಷ್ಟು ಬೇಗ. ಅದು ಹತ್ತಿರ ಬಂದಾಗ ನೆಲದಲ್ಲಿ ಎತ್ತರ ಇರುವ ವಸ್ತುಗಳಿಂದ ಕಿಡಿಗಳು ಮೇಲೆ ಚಾಚುತ್ತವೆ. ಯಾವುದು ಮೊದಲು ಮುಟ್ಟಿತೋ ಅದರ ಗುಂಟ ಕರೆಂಟು ಹರಿಯುತ್ತದೆ. ಆ ದಾರಿಯ ಗಾಳಿ ಕ್ಷಣದಲ್ಲಿ 30,000 ಡಿಗ್ರಿಯ ಹತ್ತಿರ ಕಾಯುತ್ತದೆ, ಸೂರ್ಯನ ಮೇಲ್ಮೈಗಿಂತ ಐದು ಪಟ್ಟು. ಅದು ಸಿಡಿದದ್ದೇ ಗುಡುಗು. ಬೋರ್ಡಿನ ಮೇಲೆ ಇದನ್ನೆಲ್ಲ ಬಣ್ಣದ ಚಾಕಿನಲ್ಲಿ ಬರೆಯುವುದು ನನಗೆ ಬಹಳ ಇಷ್ಟದ ಪಾಠ.

ಅಣ್ಣ ಬಾಗಿಲಿಗೆ ಕೈ ಹಾಕಿದ. ತಡೆದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಕಾಲಿಡಬಾರದು ಅನ್ನುವುದು ನಿಯಮ. ಮಳೆ ನಿಂತಿತು ಅಂತ ಹೊರಗೆ ಬಂದು ಸತ್ತವರು ಬಹಳ. ಅಜ್ಜಿ ಮಾತ್ರ ಒಂದೇ ಸಮ “ಇವರ ಅಪ್ಪ ಏಳವಲ್ರು, ಏಳವಲ್ರು” ಅನ್ನುತ್ತಿದ್ದಳು. ಅಷ್ಟರಲ್ಲಿ ಕಂಬಳಿ ಅಲುಗಾಡಿತು. ಕಾಕಾ ತಲೆ ಎತ್ತಿ ಕಿವಿಗೆ ಕೈ ಹಚ್ಚಿಕೊಂಡರು. ಮಗನೂ ಎದ್ದ. ಕಾರಿನೊಳಗೆ ಎಲ್ಲರೂ ಒಟ್ಟಿಗೇ ಉಸಿರು ಬಿಟ್ಟೆವು.

ಆ ಹೊತ್ತಿನಲ್ಲಿ ಅಜ್ಜಿಗೆ ಹೇಳಲಾಗದ ಒಂದು ವಿಷಯ ನನ್ನ ತಲೆಯಲ್ಲಿ ಓಡುತ್ತಿತ್ತು. ಸಿಡಿಲು ಬಡಿದವರನ್ನು ಮುಟ್ಟಲು ಜನ ಹೆದರುತ್ತಾರೆ, ಮೈಯಲ್ಲಿ ಕರೆಂಟು ಇರುತ್ತದೆ ಅಂತ. ಇರುವುದಿಲ್ಲ. ಕರೆಂಟು ಹರಿದು ಹೋಗಿರುತ್ತದೆ, ಧಾರಾಳವಾಗಿ ಮುಟ್ಟಬಹುದು. ಸಿಡಿಲಿನ ಪೆಟ್ಟು ತಿಂದವರೆಲ್ಲ ಸಾಯುವುದೂ ಇಲ್ಲ, ಬದುಕುವವರೇ ಜಾಸ್ತಿ. ಸಾಯುವವರು ಹೆಚ್ಚಾಗಿ ಹೃದಯ ನಿಂತು ಸಾಯುತ್ತಾರೆ. ಉಸಿರಿಲ್ಲ ಅನ್ನಿಸಿದರೆ 108ಕ್ಕೆ ಫೋನು ಮಾಡಿ, ಎದೆಯ ನಡುವೆ ಎರಡೂ ಕೈ ಇಟ್ಟು ಗಟ್ಟಿಯಾಗಿ, ಬೇಗ ಬೇಗ ಒತ್ತುತ್ತಾ ಇರಬೇಕು. ನಿಮಿಷಕ್ಕೆ ನೂರಕ್ಕಿಂತ ಸ್ವಲ್ಪ ಹೆಚ್ಚು ಸಲ, ಗಾಡಿ ಬರುವವರೆಗೂ. ನನಗೆ ತರಬೇತಿ ಆಗಿದೆ. ಹೊಲದಿಂದ ಹೊಲಕ್ಕೆ ಅಂಥವರು ಎಷ್ಟು ಜನ ಸಿಗುತ್ತಾರೆ?

ನಾಲ್ಕು ಕುರಿ ಸತ್ತಿದ್ದವು. ಹೊಡೆಯುವಾಗ ತಪ್ಪಿಸಿಕೊಂಡು ಮತ್ತೆ ಬೇವಿನ ಬುಡಕ್ಕೆ ಬಂದು ನಿಂತವು. ಹತ್ತಿರ ಹೋಗಿ ನೋಡಿದೆ. ಮರದ ತೊಗಟೆ ಮೇಲಿನ ಕವಲಿನಿಂದ ಬುಡದವರೆಗೆ ಒಂದು ಗೇಣಗಲ ಸುಲಿದು ಹೋಗಿತ್ತು. ಒಳಗಿನ ಬಿಳಿ ಕಟ್ಟಿಗೆ ಹಸಿಹಸಿಯಾಗಿ ಕಾಣುತ್ತಿತ್ತು. ತೊಗಟೆಯ ಚೂರು ಹತ್ತಿಪ್ಪತ್ತು ಹೆಜ್ಜೆ ದೂರ ಹಾರಿ ಬಿದ್ದಿದ್ದವು. ಮರದೊಳಗಿನ ರಸ ಒಮ್ಮೆಲೇ ಕುದ್ದು ಹಬೆಯಾಗಿ ಸಿಡಿದರೆ ಹೀಗೆ ಆಗುತ್ತದೆ. ಕುರಿಗಳ ಮೈಮೇಲೆ ಒಂದು ಗಾಯ ಇರಲಿಲ್ಲ, ಉಣ್ಣೆ ಕೂಡ ಸುಟ್ಟಿರಲಿಲ್ಲ. ಒಂದರ ಬಾಯಲ್ಲಿ ಅಗಿಯುತ್ತಿದ್ದ ಹುಲ್ಲು ಹಾಗೇ ಇತ್ತು. ಸಿಡಿಲು ಅವಕ್ಕೆ ನೇರ ಬಡಿದದ್ದಲ್ಲ. ಮರದ ಬುಡದಿಂದ ಮಣ್ಣಿನಲ್ಲಿ ಸುತ್ತ ಹರಡಿದ ಕರೆಂಟು ಮುಂಗಾಲಿನಿಂದ ಹತ್ತಿ ಎದೆಯ ಮೂಲಕ ಹಿಂಗಾಲಿನಿಂದ ಇಳಿದಿದೆ. ಕಾಲಿನಿಂದ ಕಾಲಿಗೆ ಅಂತರ ಹೆಚ್ಚಿದ್ದಷ್ಟೂ ಪೆಟ್ಟು ಹೆಚ್ಚು. ದನ ಕುರಿ ಗುಂಪುಗುಂಪಾಗಿ ಸಾಯುವುದು ಅದಕ್ಕೇ. ಪಾದ ಜೋಡಿಸಿ ಕೂರಬೇಕು ಅನ್ನುವುದೂ ಅದಕ್ಕೇ.

ಕಾಕಾ ಒಂದೊಂದರ ಮೇಲೂ ಕೈಯಾಡಿಸಿದರು. ಅಳಲಿಲ್ಲ. ಮರುದಿನ ಸತ್ತ ಕುರಿಗಳ ಪಂಚನಾಮೆ, ಪೋಸ್ಟ್‌ಮಾರ್ಟಂ ಎಲ್ಲ ಆಯಿತು. ಕುರಿ ಸತ್ತರೆ ಸರ್ಕಾರದ ‘ಅನುಗ್ರಹ’ ಯೋಜನೆಯಲ್ಲಿ ಪರಿಹಾರ ಇದೆ, ಅರ್ಜಿ ಬರೆದುಕೊಟ್ಟಿದ್ದೇನೆ. ನೋಡಲು ಬಂದವರಲ್ಲಿ ಒಬ್ಬರು, ಇಸ್ತ್ರಿ ಅಂಗಿಯವರು, ಕಾಕಾಗೆ ಬುದ್ಧಿ ಹೇಳಿದರು. “ಮೊಬೈಲಿಗೆ ಅಷ್ಟು ಮೆಸೇಜ್ ಬರ್ತಾವ, ಆದ್ರೂ ನೀವು ಹೊರಗ್ಯಾಕ ಇರ್ತೀರಿ?” ಕಾಕಾ ನನ್ನ ಕಡೆ ನೋಡಿದರು. ಅವರಿಗೂ ಅದೇ ಪ್ರಶ್ನೆ ಕೇಳುತ್ತಾರೇನೋ ಅಂದುಕೊಂಡೆ. ಕೇಳಲಿಲ್ಲ. ಪರಿಹಾರ ಕೊಡುವವರಿಗೆ ಪ್ರಶ್ನೆ ಕೇಳಬಾರದು ಅನ್ನುವಷ್ಟು ಲೋಕ ಕಂಡವರು ಅವರು.

ರಾತ್ರಿ ಊಟಕ್ಕೆ ಕೂತಾಗ ಅಣ್ಣ ಅಂದ, “ಅವರಿಗೆ ರೂಢಿ ಇರ್ತೈತಿ ಬಿಡ. ಹುಟ್ಟಿದಾಗಿನಿಂದ ಹೊಲದಾಗ ಇದ್ದವರು.” ನನ್ನ ಪಿತ್ತ ನೆತ್ತಿಗೇರಿತು. ರೂಢಿ ಅನ್ನುವುದು ಸಿಡಿಲಿಗೆ ಗೊತ್ತಾಗುತ್ತದಾ? 2022ರಲ್ಲಿ ಸಿಡಿಲಿನಿಂದ ದೇಶದಲ್ಲಿ ಸತ್ತವರು 2,887 ಜನ. ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೋ ಕೊಟ್ಟ ಲೆಕ್ಕ ಇದು. ಪ್ರಕೃತಿ ವಿಕೋಪಗಳಿಂದ ಆ ವರ್ಷ ಸತ್ತವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು. ಹಿಂದಿನ ವರ್ಷವೂ ಹೆಚ್ಚುಕಡಿಮೆ ಅಷ್ಟೇ, 2,880. ಪ್ರವಾಹ ಬಂದರೆ ಟಿವಿಯವರು ದೋಣಿ ಹತ್ತಿ ಬರುತ್ತಾರೆ, ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಬರುತ್ತಾರೆ. ಸಿಡಿಲಿಗೆ ಸತ್ತವರು ಅಲ್ಲೊಬ್ಬರು ಇಲ್ಲೊಬ್ಬರು. ಪೇಪರಿನ ಒಳಪುಟದಲ್ಲಿ ಎರಡು ಸಾಲು, ‘ಸಿಡಿಲು ಬಡಿದು ಮಹಿಳೆ ಸಾವು’. ಹೊಲದಲ್ಲಿ ಕಳೆ ತೆಗೆಯುವವರು, ಎಮ್ಮೆ ಮೇಯಿಸುವವರು, ಕುರಿ ಕಾಯುವವರು. ಎಲ್ಲರೂ ರೂಢಿ ಇದ್ದವರೇ.

ಬಾಂಗ್ಲಾದೇಶ 2016ರಲ್ಲಿ ಸಿಡಿಲನ್ನು ಪ್ರಕೃತಿ ವಿಕೋಪ ಅಂತ ಘೋಷಿಸಿ, ಗದ್ದೆಗಳ ಅಂಚಿಗೆ ತಾಳೆ ಮರ ನೆಡಿಸಲು ಹೊರಟಿತು. ಎತ್ತರದ ತಾಳೆ ಸಿಡಿಲನ್ನು ತನ್ನ ಮೇಲೆ ಎಳೆದುಕೊಳ್ಳಲಿ ಅಂತ. ಒಡಿಶಾ ಸರ್ಕಾರವೂ ಲಕ್ಷಗಟ್ಟಲೆ ತಾಳೆ ನೆಡುವ ಮಾತಾಡಿದೆ. ನನಗೆ ಇದು ಸರಿ ಕಾಣುವುದಿಲ್ಲ. ತಾಳೆ ಬೆಳೆಯಲು ವರ್ಷಗಟ್ಟಲೆ ಬೇಕು. ಬೆಳೆದ ಮೇಲೆ ಮಳೆ ಬಂದರೆ ಜನ ಓಡಿ ಹೋಗಿ ನಿಲ್ಲುವುದು ಅದರ ಬುಡದಲ್ಲೇ. ಮರದ ಕೆಳಗೆ ಹೋಗಬೇಡಿ ಅನ್ನುವವರೇ ಮರ ನೆಟ್ಟರೆ ಹೇಗೆ?

ಮುನ್ಸೂಚನೆ ಕೊಡುವವರ ಮೇಲೆ ನನಗೆ ಸಿಟ್ಟಿಲ್ಲ. ಮುಂದಿನ ಮೂರು ಗಂಟೆಯಲ್ಲಿ ಯಾವ ಜಿಲ್ಲೆಯಲ್ಲಿ ಗುಡುಗು ಅಂತ ಈಗ ಕನ್ನಡದಲ್ಲೇ ಮೆಸೇಜು ಬರುತ್ತದೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಪಂಚಾಯಿತಿಗೂ ತಾನೇ ಲೆಕ್ಕ ಕಳಿಸುವ ಮಳೆಮಾಪಕ ಕೂತಿದೆ. ಆಕಾಶದ ಕಡೆಯ ಕೆಲಸ ಬಹಳ ಮುಂದೆ ಹೋಗಿದೆ. ನೆಲದ ಕಡೆಯ ಕೆಲಸ ಶುರುವೇ ಆಗಿಲ್ಲ. ಎಚ್ಚರಿಕೆಯ ಕೊನೆಯ ಸಾಲು ಬರೆಯುವವರು, ಎಲ್ಲರ ಹಿಂದೆ ಒಂದು ಬಾಗಿಲಿದೆ ಅಂದುಕೊಂಡು ಬರೆಯುತ್ತಾರೆ. ಬಾಗಿಲಿದ್ದವರು ಆ ಮೆಸೇಜು ಓದದಿದ್ದರೂ ಮಳೆ ಬಂದರೆ ಒಳಗೇ ಹೋಗುತ್ತಾರೆ.

ಹಾಗಂತ ಹೊಲದಲ್ಲಿ ರೂಮುಗಳೇ ಇಲ್ಲವಾ? ಇವೆ. ಮರುದಿನ ಅದನ್ನು ನೋಡಲೆಂದೇ ಬಂಡಿ ದಾರಿಯ ಗುಂಟ ಒಂದು ಸುತ್ತು ಹೋಗಿಬಂದೆ. ನಮ್ಮ ತಗಡಿನ ಗೂಡಿನಂಥವು ಕೆಲವು. ಸಿಮೆಂಟಿನ ಸ್ಲ್ಯಾಬು ಹಾಕಿದ ಗಟ್ಟಿ ರೂಮುಗಳೂ ಹಲವಾರು ಸಿಕ್ಕವು. ಒಂದೊಂದಕ್ಕೂ ಕೈ ಮುಷ್ಟಿಯಷ್ಟು ದೊಡ್ಡ ಕೀಲಿ. ಮೋಟಾರು, ಕೇಬಲ್ಲು ಕದಿಯುವವರ ಕಾಟ ಹಾಗಿದೆ, ರೈತರನ್ನು ದೂರುವ ಹಾಗಿಲ್ಲ. ಕೀಲಿಕೈ ಊರಿನಲ್ಲಿ, ಆಳುಗಳು ಹೊಲದಲ್ಲಿ. ಕೆಲವರು ಬಾಗಿಲ ಮುಂದಿನ ಸಜ್ಜದ ಕೆಳಗೆ ನಿಲ್ಲುತ್ತಾರೆ. ಅದು ಮರದ ಕೆಳಗೆ ನಿಂತದ್ದಕ್ಕಿಂತ ಬಹಳ ವಾಸಿಯೇನಲ್ಲ.

ಇದನ್ನು ಹಿಡಿದುಕೊಂಡೇ ಅಣ್ಣನ ಬೆನ್ನು ಹತ್ತಿದೆ. ತಗಡು ತೆಗೆದು ನಾಲ್ಕು ಗೋಡೆ, ಸ್ಲ್ಯಾಬು, ಬಾಗಿಲು. ಮೇಲೊಂದು ಮಿಂಚುವಾಹಕದ ಸಲಾಕೆ, ಗೋಡೆಯ ಹೊರಗಿನಿಂದ ಇಳಿಸಿದ ಪಟ್ಟಿ, ಕೆಳಗೆ ಆಳದ ಗುಂಡಿ ತೋಡಿ ಸರಿಯಾದ ಅರ್ಥಿಂಗ್. ಸ್ಟಾರ್ಟರ್ ಡಬ್ಬಿ, ವೈರು ಈ ರೂಮಿನೊಳಗೆ ಬೇಡ, ಅದಕ್ಕೆ ಬೇರೆ ಗೂಡು. ಗೋಡೆಗೆ ಒರಗದೆ ನಡುವೆ ಕೂರಲು ಹತ್ತು ಜನಕ್ಕೆ ಜಾಗ. ಅಣ್ಣ ಎಲ್ಲ ಕೇಳಿ, “ಕಟ್ಟಿದ ಮರುದಿನಾನ ಅದರಾಗ ಗೊಬ್ಬರದ ಚೀಲ ತುಂಬತಾವ, ನೋಡ್ತಿರು,” ಅಂದ. ತುಂಬುವವನು ಅವನೇ. ಆದರೂ ಮೇಸ್ತ್ರಿಯನ್ನು ಕರೆಸಿ ಅಳತೆ ಹಿಡಿಸಿದ. ಅರ್ಧ ಖರ್ಚು ನನ್ನದು ಅಂದ ಮೇಲೆ ಸ್ವಲ್ಪ ಬೇಗ ಕರೆಸಿದ.

ಈಗ ಜಗಳ ಇರುವುದು ಕೀಲಿಕೈಯದ್ದು. ಕೀಲಿ ಹಾಕಲೇಬಾರದು ಅನ್ನುತ್ತಾರೆ ವೈನಿ, ಕದಿಯಲು ಒಳಗೆ ಏನೂ ಇರುವುದಿಲ್ಲವಲ್ಲ ಅಂತ. ಕೀಲಿ ಹಾಕದಿದ್ದರೆ ಊರ ಹುಡುಗರು ಸಂಜೆ ಬಾಟಲಿ ಹಿಡಿದುಕೊಂಡು ಬಂದು ಕೂರುತ್ತಾರೆ ಅನ್ನುತ್ತಾನೆ ಅಣ್ಣ. ಅದೂ ಸುಳ್ಳಲ್ಲ. ಎರಡು ಕೀಲಿಕೈ ಮಾಡಿಸಿ ಒಂದನ್ನು ಹೊಲದಲ್ಲಿ ಕೆಲಸ ಮಾಡುವವರ ಕೈಗೇ ಕೊಟ್ಟುಬಿಡು ಅಂದೆ. “ಇವತ್ತ ಇವರು, ನಾಳೆ ಮತ್ತೊಬ್ಬರು. ಯಾರಂತ ಕೊಡ್ಲಿ?” ಅಂದ. ಕಾಕಾ ಬಿಡಾರ ಎತ್ತಿಕೊಂಡು ಸವಣೂರಿನ ಕಡೆ ಹೋದರಂತೆ. ಮೇಸ್ತ್ರಿ ಬುಧವಾರ ಪಾಯ ತೆಗೆಯಲು ಬರುತ್ತಾನೆ. ಅಷ್ಟರೊಳಗೆ ಬಾಗಿಲಿಗೆ ಚಿಲಕ ಒಳಗಿನಿಂದ ಮಾತ್ರ ಇಡಿಸುವುದೋ, ಹೊರಗೂ ಇಡಿಸುವುದೋ ಅಂತ ಅವನಿಗೆ ಹೇಳಬೇಕಿದೆ.